ಮಾನಪ್ಪ ಕಣ್ಣು ತೆರೆಸದ ಕುದುರೆ

ಬಹಳ ಬಹಳ ಹಿಂದೆ, ನನ್ನ ಮೀಸೆಗಿಂತಲೂ ಹಳೆಯ ಕಾಲದಲ್ಲಿ, ಇದೇ ನಮ್ಮೂರಲ್ಲಿ ಮಾನಪ್ಪ ಅಂತ ಒಬ್ಬ ಚಿತ್ರಗಾರನಿದ್ದನಂತೆ. ಲೋಕದಲ್ಲಿ ಇಲ್ಲದ್ದನ್ನೇ ಬರೆಯುತ್ತಿದ್ದನಂತೆ. ಮೀನಿನ ಬಾಲದ ಆನೆ ಬರೆದರೆ ಬೇಸಗೆಯಲ್ಲೂ ಆ ಗೋಡೆ ಒದ್ದೆಯಂತೆ. ರೆಕ್ಕೆಯ ಕುದುರೆ ಬರೆದರೆ ಊರ ಹೆಣ್ಣುಕುದುರೆಗಳೆಲ್ಲ ಹಗ್ಗ ಹರಿದುಕೊಂಡು ಬಂದವಂತೆ. ಆ ಕುದುರೆ ಇರುವುದು ಎಲ್ಲಿ? ನಮ್ಮ ಪಡಸಾಲೆಯಲ್ಲಿ! ಬರೆಸಿದವನು ಯಾರು? ನಮ್ಮ ಮುತ್ತಜ್ಜನ ಮುತ್ತಜ್ಜ ಸಂಕನಗೌಡ! ಮನೆತನ ಅಂದರೆ ಸುಮ್ಮನೆಯೇನ್ರೋ?

ಚಿತ್ರಕ್ಕೆ ಕಣ್ಣು ಬರೆಯುವುದು ಕಟ್ಟಕಡೆಗೆ. ಅದಕ್ಕೆ ಮುಂಚೆ ಮನೆಯವರು ಚಿತ್ರಗಾರನ ಜೋಳಿಗೆಗೆ ಒಂದು ಸೇರು ಜೋಳ ಹಾಕಬೇಕು. ಹಾಕದಿದ್ದರೆ ಕಣ್ಣು ತೆರೆಸುವಂತಿಲ್ಲ. ಆ ವರ್ಷ ಮಾನಪ್ಪನ ಹೆಂಡತಿ ಕಾಳಮ್ಮ ಹಸಿ ಬಾಣಂತಿ. ಅಂಬಲಿಗೂ ಮನೆಯಲ್ಲಿ ಕಾಳಿಲ್ಲ. ಕುದುರೆ ಮುಗಿಸಿ ಮಾನಪ್ಪ ಜೋಳಿಗೆ ಹಿಡಿದು ನಿಂತನಂತೆ.

"ಇಲ್ಲದ ಪ್ರಾಣಿಗೆ ಎಲ್ಲಿಯ ಕಣ್ಣೋ ಮಾನಪ್ಪಾ? ಇರೋ ಎತ್ತಿಗೇ ನನ್ನ ಹತ್ರ ಮೇವು ಸಾಲದು" ಅಂದನಂತೆ ನಮ್ಮಜ್ಜ ಸಂಕನಗೌಡ. ಊರೆಲ್ಲ ನಕ್ಕಿತಂತೆ. ಜಾಣಮಾತು ನಮ್ಮ ರಕ್ತದಲ್ಲೇ ಇದೆ, ನೋಡ್ರೋ. ಅದನ್ನೇ ಹಿಡಿದುಕೊಂಡು ಚಿತ್ರ ಬರೆಸಿದ ಉಳಿದ ಮನೆಗಳವರೂ ಜೋಳ ಹಾಕಲಿಲ್ಲವಂತೆ.

ಮೊದಲು ಕೂಸಿನ ಅಳು ನಿಂತಿತಂತೆ. ಮಾನಪ್ಪ ಜೋಳಿಗೆಯನ್ನೇ ಬಿಚ್ಚಿ ಅದಕ್ಕೆ ಸುತ್ತಿದನಂತೆ. ಆಮೇಲೆ ಕಾಳಮ್ಮ. ಆಮೇಲೆ ಮಾನಪ್ಪ.

ಮಣ್ಣು ಮಾಡಿದ ತಿಂಗಳಿಗೆ ದೂರದ ಪಟ್ಟಣದ ವರ್ತಕನೊಬ್ಬ ಬಂದನಂತೆ. ಇಂಥ ಮೃಗ ಬರೆಯುವ ಕೈ ಇನ್ನಿಲ್ಲ ಅಂತ ಗೊತ್ತಾದದ್ದೇ ತಡ, ಒಂದು ಗೋಡೆಗೆ ಒಂದು ಹಸು ಕೊಟ್ಟನಂತೆ. ಸುದ್ದಿ ಹಬ್ಬಿತು. ವರ್ಷ ತುಂಬುವುದರೊಳಗೆ ಗೋಡೆಯ ತೂಕಕ್ಕೆ ಬೆಳ್ಳಿ! ಜನ ಗೋಡೆ ಕೊಯ್ದು ಕೊಯ್ದು ಮಾರಿ, ಸೂರನ್ನು ತಲೆಮೇಲೆ ಬೀಳಿಸಿಕೊಂಡರಂತೆ.

ನಮ್ಮಜ್ಜ ಮಾರಲಿಲ್ಲ. ಕುರುಡು ಕುದುರೆಗೇ ಇಷ್ಟಾದರೆ ಕಣ್ಣಿದ್ದ ಕುದುರೆಗೆ ಎಷ್ಟು ಅಂತ, ದೀಪದ ಮಸಿ ಕಲಸಿ ತಾನೇ ಕಣ್ಣಿಟ್ಟನಂತೆ. ವರ್ತಕ ನೋಡಿ, ಕೆಡಿಸಿಬಿಟ್ಟಿರಿ ಅಂತ ಹೊರಟೇಹೋದನಂತೆ. ಕುದುರೆ ಮಾತ್ರ ನಮ್ಮಜ್ಜನನ್ನೇ ನೋಡುತ್ತಿತ್ತಂತೆ. ತುತ್ತೆತ್ತಿದರೆ ನೋಡುತ್ತಿತ್ತಂತೆ. ತುತ್ತು ಗಂಟಲಲ್ಲಿ ಇಳಿಯಲಿಲ್ಲವಂತೆ. ಹಗೇವಿನ ತುಂಬ ಜೋಳ ಇಟ್ಟುಕೊಂಡು ಹಸಿದು ಸತ್ತನಂತೆ.

ಇಂದಿಗೂ ನಮ್ಮೂರಲ್ಲಿ ಯಾವ ಚಿತ್ರ ಬರೆಸಿದರೂ ಮೊದಲು ಜೋಳ, ಆಮೇಲೆ ಬಣ್ಣ. ಹೊಸ ಜೋಳ ಮನೆಗೆ ಬಂದ ದಿನ ನಮ್ಮ ಮನೆಯ ಹಿರಿಯ ಆ ಕುದುರೆಯ ಮುಂದೆ ಒಂದು ಸೇರು ಸುರಿಯಬೇಕು. ಈಗ ಆ ಹಿರಿಯ ನಾನು. ಹುಲಿಯ ಮೀಸೆ ಹಿಡಿದು ಎಳೆದವನು ನಾನು, ಕೇಳಿದ್ದೀರಲ್ಲ? ಇಪ್ಪತ್ತು ವರ್ಷದಿಂದ ಜೋಳ ಸುರಿಯುತ್ತಿದ್ದೇನೆ. ಒಮ್ಮೆಯೂ ತಲೆ ಎತ್ತಿ ಅದರ ಕಣ್ಣು ನೋಡಿಲ್ಲ.