ನೇಕಾರರ ಬೀದಿಯ ತೀರ್ಪು

“ಮತ್ತೆ ನಡುವೆ ಬಾಯಿ ಹಾಕಿದೆ. ಬೆಳಗಿನಿಂದ ಒಂದು ಮಾತನ್ನಾದರೂ ಮುಗಿಸಲು ಬಿಟ್ಟಿದ್ದೀಯಾ?” ಎಂದರು ಗುರುಗಳು.

ಶಿಷ್ಯೆ ಸಂಕವ್ವ ಜಗ್ಗಲಿಲ್ಲ. “ನೀವು ಮುಗಿಸುವಷ್ಟರಲ್ಲಿ ನನಗೆ ಮರೆತುಹೋಗುತ್ತದೆ, ಗುರುಗಳೇ. ಒಬ್ಬ ಜಗಳವಾಡಿ ಹೊಡೆಯುತ್ತಾನೆ. ಇನ್ನೊಬ್ಬ ಜಾತಿ ನೋಡಿ ಹೊಡೆಯುತ್ತಾನೆ. ಗಾಯ ಒಂದೇ. ಎರಡನೆಯವನಿಗೆ ಕಾನೂನು ಏಕೆ ಹೆಚ್ಚು ಶಿಕ್ಷೆ ಕೊಡಬೇಕು?”

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ನೇಕಾರರ ಬೀದಿಯಿತ್ತು. ನಲವತ್ತು ಮನೆ. ಬೆಳಗಾದರೆ ಅವರು ಮಗ್ಗಕ್ಕೆ ಏರಿಸುವ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಒಬ್ಬರಿಂದ ಆಗುವ ಕೆಲಸವಲ್ಲ. ಬೀದಿಯೆಲ್ಲ ಕೈಹಾಕಬೇಕು.

ಒಮ್ಮೆ ಒಬ್ಬ ರೈತ ನಡುಗೋಡೆ ಯಾರದೆಂಬ ಜಗಳದಲ್ಲಿ ಒಬ್ಬ ನೇಕಾರನ ನೂಲನ್ನು ಕುಡುಗೋಲಿನಿಂದ ಕತ್ತರಿಸಿದ. ನ್ಯಾಯಾಧಿಕಾರಿ ಅವನನ್ನು ಹತ್ತು ದಿನ ಸೆರೆಯಲ್ಲಿಟ್ಟ. ಕತ್ತರಿಸಿದ ಮರುದಿನವೇ ಬೀದಿಯಲ್ಲಿ ಎಂದಿನಂತೆ ನೂಲು ಎಳೆದಿದ್ದರು.

ವರ್ಷದ ಮೇಲೆ ಒಬ್ಬ ವ್ಯಾಪಾರಿ ಅದೇ ನೇಕಾರನ ನೂಲನ್ನು ಕುಡುಗೋಲಿನಿಂದಲೇ ಕತ್ತರಿಸಿದ. ಅವರಿಬ್ಬರಿಗೆ ಜಗಳವಿರಲಿಲ್ಲ, ಮುಖಪರಿಚಯವೂ ಇರಲಿಲ್ಲ. “ನಿಮ್ಮ ಜನ ಈ ಊರಲ್ಲಿ ಇರಬಾರದು” ಎಂದು ಕೂಗಿ ಹೋದ. ಮರುದಿನ ಬೀದಿಯಲ್ಲಿ ಒಂದೆಳೆ ನೂಲೂ ಇರಲಿಲ್ಲ. ನಲವತ್ತು ಮನೆಯವರೂ ಗಂಟುಮೂಟೆ ಕಟ್ಟಿ, ತೀರ್ಪು ಕೇಳಿ ಹೊರಡೋಣವೆಂದು ಕಾದರು.

ನ್ಯಾಯಾಧಿಕಾರಿ ವ್ಯಾಪಾರಿಗೆ ಎರಡು ವರ್ಷ ಸೆರೆ ವಿಧಿಸಿದ.

ವ್ಯಾಪಾರಿ ನಕ್ಕ. “ನೂಲೂ ಅಷ್ಟೇ, ಕುಡುಗೋಲೂ ಅಂಥದೇ. ರೈತನಿಗೆ ಹತ್ತು ದಿನ, ನನಗೆ ಎರಡು ವರ್ಷವೇ ಸ್ವಾಮಿ? ನನ್ನ ಮನಸ್ಸಿನಲ್ಲಿ ಇರುವುದಕ್ಕೂ ಶಿಕ್ಷೆಯೋ?”

“ನಿನ್ನ ಮನಸ್ಸನ್ನು ನೀನೇ ಇಟ್ಟುಕೊ. ಸಾಯುವವರೆಗೂ ಅದನ್ನು ಒಳಗೇ ಇಟ್ಟುಕೊಂಡಿದ್ದರೆ ನಾನು ಕೇಳುತ್ತಿರಲಿಲ್ಲ. ರೈತ ಒಬ್ಬನಿಗೆ ಕೇಡು ಮಾಡಿದ. ನೀನು ಒಬ್ಬನ ನೂಲು ಕತ್ತರಿಸಿ ನಲವತ್ತು ಮನೆಯನ್ನು ಬೆದರಿಸಿದೆ. ಶಿಕ್ಷೆ ಆ ನಲವತ್ತಕ್ಕೆ.”

ನೇಕಾರರು ಗಂಟು ಬಿಚ್ಚಿದರು. ಮರುದಿನ ನಲವತ್ತು ಮನೆಯ ನೂಲೂ ಒಟ್ಟಿಗೆ ಬೀದಿಗೆ ಬಂತು. ಕೈ ಸಾಲದಾದಾಗ ಆ ಜಗಳಗಂಟ ರೈತನೂ ಬಂದು ಒಂದು ತುದಿ ಹಿಡಿದ. ವ್ಯಾಪಾರಿಯನ್ನು ಸೆರೆಮನೆಗೆ ಒಯ್ಯುತ್ತಿದ್ದ ಕಾವಲಿನವರಿಗೆ ಕಾಲಿಡಲು ಜಾಗವಿರಲಿಲ್ಲ. ಅವನನ್ನು ಊರು ಸುತ್ತಿಸಿಕೊಂಡು ಹೋದರು.

ಸಂಕವ್ವನ ಮುಖ ಅರಳಿತು. ಆದರೂ ಬಿಡಲಿಲ್ಲ. “ಆ ನೇಕಾರರು ಗಟ್ಟಿಗರಾಗಿದ್ದು, ಮರುದಿನವೇ ಧೈರ್ಯಮಾಡಿ ನೂಲು ಎಳೆದಿದ್ದರೆ? ಆಗ ಯಾರೂ ಹೆದರಲಿಲ್ಲವೆಂದು ವ್ಯಾಪಾರಿಗೂ ಹತ್ತೇ ದಿನವೇ?”

ಗುರುಗಳು ಮರುಪ್ರಶ್ನೆ ಕೇಳಿದರು:

“ರೈತ ಕತ್ತರಿಸಿದ ಮರುದಿನ ನೂಲು ಎಳೆಯಲು ಯಾರಿಗಾದರೂ ಧೈರ್ಯ ಬೇಕಾಗಿತ್ತೇ?”