ಒದ್ದೆಯಾದ ಪೈಪು

ಅಜ್ಜನ ಕಾಲದ ಕಾರೊಂದರ ಎಂಜಿನ್ನಿನಲ್ಲಿ ನೀರು ಸೋರುತ್ತಿತ್ತು. ಮೆಕ್ಯಾನಿಕ್ ಹುಸೇನಪ್ಪ ಬಾನೆಟ್ ಎತ್ತಿದ. ಕೆಳಗಿನ ರಬ್ಬರ್ ಪೈಪು ತೊಯ್ದು ತೊಟ್ಟಿಕ್ಕುತ್ತಿತ್ತು.

"ಕಳ್ಳ ಸಿಕ್ಕಿದ, ಕಿತ್ತೆಸೆಯಿರಿ," ಎಂದಿತು ರೇಡಿಯೇಟರ್.

ಪೈಪು ಅಳುಕಲಿಲ್ಲ. "ಅಣ್ಣಾ, ಒದ್ದೆಯಾದವರೆಲ್ಲ ಸೋರುವವರಲ್ಲ. ಹುಸೇನಪ್ಪ ನಮ್ಮೆಲ್ಲರನ್ನೂ ಒರೆಸಿ, ಎಂಜಿನ್ ಬಿಸಿ ಮಾಡಲಿ. ಮೊದಲ ಹನಿ ಎಲ್ಲಿ ಮೂಡುತ್ತದೋ ನೋಡೋಣ."

ಹುಸೇನಪ್ಪ ಹಾಗೆಯೇ ಮಾಡಿದ. ಮೊದಲ ಹನಿ ಮೂಡಿದ್ದು ಮೇಲಿನ ಪೈಪನ್ನು ಬಿಗಿದು ಹಿಡಿಯುವ ಕ್ಲಿಪ್ಪಿನಡಿ. ಅಲ್ಲಿಂದ ಜಾರಿ ಕೆಳಗಿನ ಪೈಪಿನ ಮೇಲೆ ಬಿತ್ತು.

"ಸಡಿಲವಾಗಿದ್ದೆ. ಎಸೆದಾರೆಂದು ಹೆದರಿ ಸುಮ್ಮನಿದ್ದೆ," ಎಂದು ಕ್ಲಿಪ್ಪು ತಲೆತಗ್ಗಿಸಿತು.

"ಹಾಗಾದರೆ ಇವನನ್ನೇ ಎಸೆಯಿರಿ," ಎಂದಿತು ರೇಡಿಯೇಟರ್.

"ಎಸೆಯುವುದೇಕೆ? ಬಿಗಿ ಮಾಡಿದರೆ ಸಾಕು," ಎಂದಿತು ಪೈಪು.

ಎಂಜಿನ್ ಆರಿದ ಮೇಲೆ ಹುಸೇನಪ್ಪ ಕ್ಲಿಪ್ಪಿನ ಸ್ಕ್ರೂ ತಿರುಗಿಸಿ ಬಿಗಿ ಮಾಡಿದ. ಆ ಬೇಸಿಗೆಯಲ್ಲಿ ಕಾರು ಘಾಟಿ ಹತ್ತಿತು. ಕ್ಲಿಪ್ಪು ಹಿಡಿದ ಹಿಡಿ ಬಿಡಲಿಲ್ಲ.