ತವರಿಗೆ ಹೋಗಿ ಮೂಗು ತಂದ ಸೊಸೆ

ಬನ್ನಿ ಮಕ್ಕಳೇ, ಒತ್ತಾಗಿ ಕೂತ್ಕೊಳ್ಳಿ, ಕಿವಿ ಈ ಕಡೆ ಕೊಡಿ. ನಮ್ಮಜ್ಜಿ ಹುರುಳಿ ಹಸನು ಮಾಡ್ತಾ ಹೇಳ್ತಿದ್ದ ಕಥೆ ಇದು. ನೀವು ಹೂಂಗುಟ್ಟೋದು ನಿಲ್ಲಿಸಿದರೆ ನಾನೂ ನಿಲ್ಲಿಸ್ತೀನಿ.

ಒಂದಾನೊಂದು ಊರಿತ್ತಂತೆ. ಆ ಊರಿಗೆಲ್ಲ ಹಗ್ಗ ಹೊಸೆಯೋದೇ ಕಸುಬು. ಕತ್ತಾಳೆ ಪಟ್ಟೆ ಕುಯ್ದು, ಊರ ಮುಂದಿನ ಕುಂಟೆಯ ನೀರಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರೋರು. ಕೊಳೆತ ಮೇಲೆ ಬಡಿದು ನಾರು ತೆಗೆಯೋರು. ಕೊಳೆಯೋದು ಅಂದರೆ ಕೇಳಬೇಕೆ, ದಾರಿಹೋಕರು ಮೂಗು ಹಿಡಿದು ಓಡೋರು. ಊರಿನವರು ಮಾತ್ರ ಅದೇ ದಡದಲ್ಲಿ ಕೂತು ಮುದ್ದೆ ಉಣ್ಣೋರು. ಅವರ ಮೂಗಿಗೆ ಏನೂ ಇಲ್ಲ.

ಅದೇ ಕಷ್ಟ ನೋಡಿ. ನೀರಿಗೆ ಹುಳಿ ಮಜ್ಜಿಗೆಯ ವಾಸನೆ ಬಂದ ದಿನವೇ ಪಟ್ಟೆ ಎತ್ತಬೇಕು. ತಡವಾದರೆ ನಾರೇ ಕೊಳೆತುಹೋಗ್ತದೆ. ಅಭ್ಯಾಸವಾದ ಮೂಗಿಗೆ ಹುಳಿ ಯಾವುದು, ಹಸಿ ಯಾವುದು? ಅದಕ್ಕೇ ಊರ ಹಿರಿಯಳು ಮುದ್ದೀರಮ್ಮ ವರ್ಷವರ್ಷ ಗುಡ್ಡದಾಚೆ ತಂಗಿ ಮನೆಗೆ ಹೋಗಿದ್ದು, ಮೂಗು ಹೊಸದು ಮಾಡ್ಕೊಂಡು ಬರೋಳಂತೆ. ಗಡಿಕಲ್ಲಿನ ಹತ್ತಿರ ನಿಂತು ಒಂದು ಉಸಿರು ಎಳೆದು, ಎತ್ತಿ ಅನ್ನೋಳು, ಇಲ್ಲಾ ಇರಲಿ ಅನ್ನೋಳು.

ಆ ಮುದ್ದೀರಮ್ಮ ಮಗ ಕಾಟಯ್ಯನಿಗೆ ಕುರಿಹಟ್ಟಿಯಿಂದ ಹೆಣ್ಣು ತಂದಳು. ಹೆಸರು ಬೊಮ್ಮಕ್ಕ. ಗಡಿ ದಾಟಿದ್ದೇ ಹುಡುಗಿ ಸೆರಗನ್ನ ಮೂಗಿಗೆ ಒತ್ತಿದಳು. ಉಣ್ಣಲಿಲ್ಲ, ನಿದ್ದೆ ಮಾಡಲಿಲ್ಲ. ಅತ್ತೆಗೆ ಸಿಟ್ಟು ಬಂತು.

"ನಮ್ಮ ಕುಂಟೆ ನಾರ್ತದಾ? ನೀನು ಬಂದಾಗಿಂದ ನಮಗೂ ಟಗರು ಒಳಗೆ ನುಗ್ಗಿದ ಹಾಗಿದೆ."

"ಕುರಿಗೆ ಎಲ್ಲಿ ವಾಸನೆ ಅತ್ತೆಮ್ಮ?" ಅಂದಳು ಬೊಮ್ಮಕ್ಕ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆ ವರ್ಷ ಆನೆ ಕಟ್ಟೋ ಹಗ್ಗ ಬೇಕು ಅಂತ ಅರಮನೆಯಿಂದ ಅಪ್ಪಣೆ ಬಂತು. ಹಗ್ಗ ಹರಿದರೆ ಕುಂಟೆ ಬೇರೆ ಊರಿನ ಪಾಲು. ಕುಂಟೆ ಹೋದರೆ ಇವರ ಅನ್ನವೇ ಹೋದ ಹಾಗೆ. ಪಟ್ಟೆ ಕುಂಟೆಗೆ ಬಿತ್ತು, ಮುದ್ದೀರಮ್ಮ ತಂಗಿ ಮನೆಗೆ ಹೊರಡಬೇಕಿತ್ತು. ಬೆನ್ನು ತಿರುಗಿಸಿದರೆ ಸೊಸೆ ಓಡಿಹೋಗ್ತಾಳೆ ಅನ್ನೋ ಅನುಮಾನಕ್ಕೆ ಹೊರಡಲೇ ಇಲ್ಲ. ದಿನಾ ದಡದಲ್ಲಿ ನಿಂತು ಮೂಸೋಳು. ಹುಳಿ ಮಜ್ಜಿಗೆ ಬರಲಿಲ್ಲ, ಇನ್ನೂ ಇರಲಿ ಅನ್ನೋಳು. ಸೊಸೆ ಕೇಳಿಸ್ಕೊಳ್ಳೋಳು.

ಇತ್ತ ಬೊಮ್ಮಕ್ಕನ ಸೆರಗು ಮೆಲ್ಲಗೆ ಜಾರಿತು. ಯಾವತ್ತು ವಾಸನೆ ನಿಂತಿತೋ ಅವಳಿಗೇ ತಿಳಿಯದು. ಉಂಡಳು, ನಕ್ಕಳು. ಅವ್ವನ ನೆನಪು ಮಾತ್ರ ಬಿಡಲಿಲ್ಲ. ಒಂದು ಸಲ ನೋಡಿ ಬರ್ತೀನಿ ಅಂತ ಕೇಳಿದಳು. ಹೋದೋಳು ಬರೋಳಲ್ಲ ಅಂತ ಅತ್ತೆ ಗೊಣಗಿದಳು. ಕಾಟಯ್ಯ ಬುತ್ತಿ ಕಟ್ಟಿಕೊಟ್ಟ.

ತವರಿನ ಬಾಗಿಲಿಗೆ ಬಂದಳಾ, ಗಪ್ಪಂತ ಬಡೀತು ಕುರಿ ವಾಸನೆ. ಕೈ ತಾನಾಗಿ ಸೆರಗಿಗೆ ಹೋಯ್ತು. ಅವ್ವ ನೋಡಿಬಿಟ್ಟಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಆ ಮನೆಯೋಳಾದೆ ಕಣವ್ವ ನೀನು."

ಬೊಮ್ಮಕ್ಕ ಅವ್ವನ ಕಂಬಳಿ ಹೊದ್ದು ಮಲಗಿದಳು. ಕುರಿ, ಹೊಗೆ, ಹರಳೆಣ್ಣೆ, ಅವ್ವನ ಬೆವರು. ಹುಟ್ಟಿದ ಮನೆಗೂ ಒಂದು ವಾಸನೆ ಇದೆ ಅಂತ ಅವತ್ತೇ ತಿಳಿದದ್ದು. ಇನ್ನಷ್ಟು ಎಳ್ಕೊಳ್ಳೋಣ ಅಂತ ಬೆಳಿಗ್ಗೆ ಕಂಬಳಿನ ಮುಖಕ್ಕೆ ಒತ್ತಿಕೊಂಡರೆ ಆ ವಾಸನೆಯೂ ಇಲ್ಲ. ಮೂಗು ಮತ್ತೆ ತವರಿನದಾಗಿಬಿಟ್ಟಿತ್ತು. ಕೂತು ಅತ್ತಳಂತೆ.

ಕೆಲವು ದಿನ ಇದ್ದು ವಾಪಸ್ಸು ಬರ್ತಾ ಗಡಿಕಲ್ಲಿನ ಹತ್ತಿರ ನಿಂತಳು. ಕುಂಟೆಯ ಗಾಳಿ ಬೀಸಿತು. ಮೊದಲ ದಿನದ ಹಸಿ ನಾತ ಅಲ್ಲ, ಹುಳಿ ಮಜ್ಜಿಗೆ. ಬುತ್ತಿಗಂಟು ಅಲ್ಲೇ ಬಿಟ್ಟು ಓಡಿದಳು.

"ಅತ್ತೆಮ್ಮ, ಹುಳಿ ಬಂದದೆ. ಇವತ್ತೇ ಎತ್ತಿಸಿ."

ಕುರಿಹಟ್ಟಿಯೋಳಿಗೆ ನಾರಿನ ಸಮಾಚಾರ ಏನು ಗೊತ್ತು ಅಂತ ಗಂಡಸರು ನಕ್ಕರು. ಮುದ್ದೀರಮ್ಮ ಬಗ್ಗಿ ಉಸಿರೆಳೆದಳು. ಏನೂ ಇಲ್ಲ. ಸೊಸೆಯ ಮುಖ ನೋಡಿದಳು. ಓಡಿಹೋಗ್ತಾಳೆ ಅಂದುಕೊಂಡವಳು ಓಡಿ ಬಂದಿದ್ದಳಲ್ಲ.

"ನನ್ನ ಮೂಗು ಮಲಗಿದೆ, ಅವಳದು ಎದ್ದಿದೆ. ಕಲ್ಲು ತೆಗೀರಿ."

ನಾರು ಬೆಳ್ಳಿ ಎಳೆ ಹಾಗೆ ಬಂತು. ಆ ಹಗ್ಗವನ್ನ ಆನೆ ಎಳೆದೂ ಎಳೆದೂ ಸೋತು ನಿಂತಿತಂತೆ. ಕುಂಟೆ ಊರಿನದಾಗೇ ಉಳೀತು.

ಆಮೇಲೆ? ಆನೆ ಅರಮನೆಯ ಕಬ್ಬು ತಿಂದು ಮುದಿಯಾಯ್ತು. ಪಟ್ಟೆ ನೆನೆಹಾಕಿದ ಮೇಲೆ ಸೊಸೆಯರನ್ನ ತವರಿಗೆ ಕಳಿಸೋದು ಆ ಊರ ಪದ್ಧತಿಯಾಯ್ತು. ಮುದ್ದೀರಮ್ಮ ತಾನೇ ಬುತ್ತಿ ಕಟ್ಟಿ ಕಳಿಸಿ, ಗಡಿಕಲ್ಲಿನ ಮೇಲೆ ಕೂತು ದಾರಿ ಕಾಯ್ತಾ ಮುಪ್ಪಾದಳು. ಕಾಟಯ್ಯ ಹೆಂಡತಿ ಬರೋ ತನಕ ಹಗ್ಗ ಹೊಸೆದು ಹೊತ್ತು ಕಳೆದ. ತವರಿನ ಅವ್ವ ಒಂದು ದಿನ ತೀರಿಕೊಂಡಳು. ಬೊಮ್ಮಕ್ಕ ಆ ಕಂಬಳಿ ತಂದು ಮಣ್ಣಿನ ಗುಡಾಣದಲ್ಲಿಟ್ಟು ಬಾಯಿ ಕಟ್ಟಿದಳು. ವರ್ಷಕ್ಕೊಂದು ಸಲ ಬಿಚ್ಚಿ, ಒಂದೇ ಉಸಿರು ಎಳ್ಕೊಂಡು ಕಟ್ಟಿಬಿಡೋಳಂತೆ. ದಿನಾ ತೆಗೆದರೆ ಮೂಗಿಗೆ ಅಭ್ಯಾಸವಾಗಿ ಅವ್ವ ಹೊರಟುಹೋಗ್ತಾಳೆ ಅಂತ.

ಗುಡಾಣದ ಬಾಯಿ ಅವಳು ಕಟ್ಟಿದಳು, ಕಥೆಯ ಬಾಯಿ ನಾನು ಕಟ್ಟಿದೆ.